ಯಾವ ಸಿಸಿ?

ಬ್ಯಾಡರಹಳ್ಳಿಯಲ್ಲಿ ಮಾಗಡಿ ರಸ್ತೆಯಿಂದ ನಮ್ಮ ಬೀದಿಗೆ ತಿರುಗುವ ಕಡೆ ಎರಡು ಫಲಕಗಳಿವೆ. ಒಂದರ ಮೇಲೆ ‘ಸಿ.ಸಿ. ರಸ್ತೆ ಕಾಮಗಾರಿ’ ಎಂದಿದೆ. ಅದರ ಪಕ್ಕದ ಕಂಬದಲ್ಲಿ ‘ಈ ಪ್ರದೇಶ ಸಿ.ಸಿ. ಕ್ಯಾಮೆರಾ ಕಣ್ಗಾವಲಿನಲ್ಲಿದೆ’ ಎಂದಿದೆ. ಒಂದು ಸಿಮೆಂಟ್ ಕಾಂಕ್ರೀಟು, ಇನ್ನೊಂದು ಕ್ಲೋಸ್ಡ್ ಸರ್ಕ್ಯೂಟು. ಇವನ್ನು ಓದಿ ದಾರಿ ತಪ್ಪಿದವರನ್ನು ನಾನು ನೋಡಿಲ್ಲ. ರಸ್ತೆ ಎಂಬ ಪದ ಪಕ್ಕದಲ್ಲಿದ್ದರೆ ಒಂದು ಅರ್ಥ, ಕ್ಯಾಮೆರಾ ಎಂಬ ಪದವಿದ್ದರೆ ಇನ್ನೊಂದು. ಅಲಂಕಾರಶಾಸ್ತ್ರದ ತರಗತಿಯಲ್ಲಿ ಇದನ್ನೇ ‘ಶಬ್ದಾಂತರ ಸನ್ನಿಧಿ’ ಎಂದು ಬಾಯಿಪಾಠ ಮಾಡಿದ್ದೆವು. ಎಂ.ಎ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬಂದಿತ್ತು, ಬರೆದಿದ್ದೆ. ಅದು ಹದಿನಾಲ್ಕು ಲಕ್ಷ ರೂಪಾಯಿಯ ಪ್ರಶ್ನೆಯಾಗಿ ಮನೆಗೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪಿಎಫ್ ಹಣ ಬಂದಾಗ, ನಾವು ಬಾಡಿಗೆಗಿರುವ ಮನೆಯಿಂದ ನಾಲ್ಕು ಬೀದಿ ಆಚೆ ಆರು ಮನೆಗಳ ಒಂದು ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಒಂದು ಮನೆಗೆ ಮುಂಗಡ ಕೊಟ್ಟರು. ಕಟ್ಟುವವನು ದೊಡ್ಡ ಕಂಪನಿಯೇನಲ್ಲ, ಪರಿಚಯದವರ ಪರಿಚಯ. ಕನ್ನಡದಲ್ಲೇ ಅಗ್ರಿಮೆಂಟ್ ಆಯಿತು. ಎಂಟು ಪುಟ. ಸಹಿ ಹಾಕುವ ಮುನ್ನ ನನಗೂ ಓದಲು ಕೊಟ್ಟಿದ್ದರು. ನಾನು ಎರಡು ಕಾಗುಣಿತದ ತಪ್ಪು ತಿದ್ದಿ ವಾಪಸು ಕೊಟ್ಟೆ. ಗ್ರಂಥಸಂಪಾದನೆಯಲ್ಲಿ ಪಿಎಚ್.ಡಿ. ಮಾಡುತ್ತಿರುವವಳು ಒಂದು ಪಠ್ಯವನ್ನು ಓದಿದ ರೀತಿ ಇದು.

ಅದರ ಏಳನೇ ಕಲಮಿನ ಪ್ರಕಾರ ಬಾಕಿ ಹದಿನಾಲ್ಕು ಲಕ್ಷ ರೂಪಾಯಿಯನ್ನು ‘ಸಿ.ಸಿ. ದೊರೆತ’ ದಿನದಿಂದ ಮೂವತ್ತು ದಿನಗಳೊಳಗೆ ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ. ಅಪ್ಪ ಇದನ್ನು ಕಂಪ್ಲೀಷನ್ ಸರ್ಟಿಫಿಕೇಟ್ ಎಂದು ಓದಿಕೊಂಡಿದ್ದರು. ಮನೆ ಮುಗಿದ ಮೇಲೆ ಬಾಕಿ ಹಣ, ನ್ಯಾಯವಾಗಿಯೇ ಇದೆ. ಆ ಲೆಕ್ಕದಲ್ಲಿ ಹಣವನ್ನು ಒಂದೂವರೆ ವರ್ಷದ ಎಫ್‌ಡಿಯಲ್ಲಿಟ್ಟರು. ಮೂರು ತಿಂಗಳಾಗುವ ಹೊತ್ತಿಗೆ ಬಿಲ್ಡರ್ ಫೋನ್ ಮಾಡಿದ. “ಸಾರ್, ಸಿಸಿ ಬಂತು.” ಅಪ್ಪ ಸಂಜೆ ನಡೆದುಕೊಂಡು ಹೋಗಿ ನೋಡಿದರೆ ಅಲ್ಲಿ ಇದ್ದದ್ದು ಪಾಯ. ಕಂಬಗಳಿಗೆ ಕಟ್ಟಿದ ಕಬ್ಬಿಣ ಆಕಾಶಕ್ಕೆ ಚಾಚಿಕೊಂಡಿತ್ತು. ಬಂದಿದ್ದದ್ದು ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್.

ಆರಂಭವೂ ಸಿಸಿ, ಮುಕ್ತಾಯವೂ ಸಿಸಿ. ಕಾವ್ಯದಲ್ಲಿ ಇಂಥದ್ದು ಸಿಕ್ಕಿದ್ದರೆ ನಾನು ಒಂದು ಸೆಮಿನಾರ್ ಪ್ರಬಂಧ ಬರೆದು ಬಿಡುತ್ತಿದ್ದೆ.

ಆ ರಾತ್ರಿ ಅಗ್ರಿಮೆಂಟನ್ನು ಮೊದಲ ಸಲ ನಿಜವಾಗಿ ಓದಿದೆ. ಎಂಟು ಪುಟಗಳಲ್ಲಿ ‘ಸಿ.ಸಿ.’ ಮೂರು ಕಡೆ ಬರುತ್ತದೆ. ನಾಲ್ಕನೇ ಕಲಮಿನಲ್ಲಿ, ಮಾರಾಟಗಾರರು ‘ಇ.ಸಿ., ಸಿ.ಸಿ. ಹಾಗೂ ತೆರಿಗೆ ರಸೀದಿಗಳನ್ನು’ ಖರೀದಿದಾರರಿಗೆ ಈಗಾಗಲೇ ಒಪ್ಪಿಸಿದ್ದಾರೆ ಎಂದಿದೆ. ಏಳನೆಯದು ಹಣದ ಕಲಮು. ಹನ್ನೊಂದರಲ್ಲಿ, ‘ಸಿ.ಸಿ. ನಂತರದ’ ತೆರಿಗೆ, ನೀರು, ಕರೆಂಟಿನ ಖರ್ಚೆಲ್ಲ ಖರೀದಿದಾರರದ್ದು. ಮೂರೂ ಕಡೆ ಅದೇ ಎರಡು ಅಕ್ಷರ, ಅದೇ ಎರಡು ಚುಕ್ಕಿ. ಎಲ್ಲಿಯೂ ವಿವರಣೆ ಇಲ್ಲ.

ನಾಲ್ಕನೆಯದು ಸುಲಭ. ಸಬ್ ರಿಜಿಸ್ಟ್ರಾರ್ ಕಚೇರಿಯ ಆಸುಪಾಸಿನಲ್ಲಿ ಇಸಿ, ಸಿಸಿ ಅವಳಿ-ಜವಳಿ. ಇಸಿ ಎಂದರೆ ಋಣಭಾರ ಪತ್ರ, ಸಿಸಿ ಎಂದರೆ ಸರ್ಟಿಫೈಡ್ ಕಾಪಿ, ನೋಂದಾಯಿತ ಪತ್ರದ ದೃಢೀಕೃತ ನಕಲು. ಕಾವೇರಿ ಆನ್‌ಲೈನ್ ಸೇವೆಯಲ್ಲಿಯೂ ಈ ಎರಡನ್ನು ಜೊತೆಯಾಗಿಯೇ ಪಡೆಯಬಹುದು. ಜೊತೆಗಾರನಿಂದ ಅರ್ಥ ತಿಳಿಯುವುದಕ್ಕೆ ಭರ್ತೃಹರಿಯ ‘ವಾಕ್ಯಪದೀಯ’ದ ಪಟ್ಟಿಯಲ್ಲಿ ಸಾಹಚರ್ಯ ಎಂಬ ಹೆಸರಿದೆ. ಹನ್ನೊಂದನೆಯದೂ ಕಷ್ಟವಿಲ್ಲ. ಪಾಯದ ಮೇಲೆ ನೀರಿನ ಬಿಲ್ಲು, ಕರೆಂಟಿನ ಬಿಲ್ಲು ಬರುವುದಿಲ್ಲ. ಆದ್ದರಿಂದ ಅದು ಮುಕ್ತಾಯದ ಪತ್ರ. ಏಳನೆಯದು ಮಾತ್ರ ಎರಡೂ ಕಡೆ ವಾಲುತ್ತದೆ. ತಮಾಷೆಯೆಂದರೆ, ಒಂದು ದಸ್ತಾವೇಜಿನಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಎಂಬ ಸಾಮಾನ್ಯ ನಿಯಮವನ್ನು ಇಲ್ಲಿ ಹಟದಿಂದ ಅನ್ವಯಿಸಿದರೆ, ನಾಲ್ಕನೇ ಕಲಮಿನ ಪ್ರಕಾರ ಸಿಸಿ ಸಹಿಯ ದಿನವೇ ನಮ್ಮ ಕೈಗೆ ಬಂದಿದೆ. ಅಂದರೆ ಹದಿನಾಲ್ಕು ಲಕ್ಷವನ್ನು ಅಲ್ಲಿಂದ ಮೂವತ್ತು ದಿನದಲ್ಲೇ ಕೊಡಬೇಕಿತ್ತು. ಬಿಲ್ಡರ್ ಕೂಡ ಅಷ್ಟು ಕಟ್ಟುನಿಟ್ಟಿನ ಓದುಗನಲ್ಲ, ಪುಣ್ಯ.

ಒಂದೇ ಪಠ್ಯದಲ್ಲಿ ಮೂರು ಅರ್ಥ ಹೇಗೆ ಬಂದವು? ಹಸ್ತಪ್ರತಿ ನೋಡಿ ಅಭ್ಯಾಸವಾದವರಿಗೆ ಇದು ಹೊಸತಲ್ಲ. ನಾಲ್ಕನೇ ಕಲಮಿನ ಭಾಷೆ ಹಳೆಯ ಕ್ರಯಪತ್ರಗಳದು: ‘ನಿರಾತಂಕವಾಗಿ’, ‘ವಂಶಪಾರಂಪರ್ಯವಾಗಿ’ ಎಂದೆಲ್ಲ ಗಂಭೀರವಾಗಿ ನಡೆಯುತ್ತದೆ. ಏಳನೆಯದು ಯಾವುದೋ ಇಂಗ್ಲಿಷ್ ಕರಾರಿನ ತರ್ಜುಮೆ, ವಾಕ್ಯ ಒಂಬತ್ತು ಸಾಲು ಉದ್ದ, ಕ್ರಿಯಾಪದ ಕೊನೆಯಲ್ಲಿ ಸುಸ್ತಾಗಿ ಬಂದು ನಿಲ್ಲುತ್ತದೆ. ಹನ್ನೊಂದನೆಯದು ಇನ್ನೊಂದು ಕಡೆಯಿಂದ ಬಂದದ್ದು. ಬರೆದವರು ಮೂರು ಮಾತೃಕೆಗಳನ್ನು ಒಂದು ಕಂಪ್ಯೂಟರಿನಲ್ಲಿ ಸೇರಿಸಿದ್ದಾರೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಮೇಜಿನ ಮೇಲಿಟ್ಟುಕೊಂಡು ತಾಳೆಗರಿಯ ಲಿಪಿಕಾರರ ಪ್ರಮಾದಗಳನ್ನು ಪಟ್ಟಿ ಮಾಡುವ ನನಗೆ, ನಮ್ಮದೇ ಕಾಲದ ಲಿಪಿಕಾರನೊಬ್ಬ ಬಸ್ ಸ್ಟಾಪಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕುಳಿತಿರುವುದು ಹೊಳೆದಿರಲಿಲ್ಲ.

ಹಾಗೆ ನೋಡಿದರೆ ಕನ್ನಡಕ್ಕೆ ಈ ಕಾಯಿಲೆ ಇಂಗ್ಲಿಷಿನಿಂದ ಅಂಟಿದ್ದಲ್ಲ. ಹಳೆಗನ್ನಡ ಚಂಪೂಕಾವ್ಯದ ಯಾವ ಮುದ್ರಿತ ಪುಟ ತೆರೆದರೂ ಪದ್ಯದ ಮುಂದೆ ‘ಕಂ’ ಎಂದಿರುತ್ತದೆ. ಕಂದಪದ್ಯ ಎಂದರ್ಥ. ‘ವ’ ಎಂದರೆ ವಚನ, ಗದ್ಯಭಾಗ. ‘ಉ’ ಎಂದರೆ ಉತ್ಪಲಮಾಲೆ. ಇದೇ ‘ಕಂ’ ಶಾಸನದಲ್ಲಿ ಗದ್ದೆಯ ಪಕ್ಕದಲ್ಲಿ ಬಂದರೆ ಕಂಬ, ಭೂಮಿಯ ಅಳತೆ. ‘ಗ’ ಬಂದರೆ ಗದ್ಯಾಣ, ಹಣ. ಇವತ್ತಿನ ಅಂಗಡಿ ಬೋರ್ಡಿನಲ್ಲಿ ‘ಅಂಡ್ ಕಂ.’ ಎಂದರೆ ಕಂಪನಿ. ಮೊದಲ ವರ್ಷ ಶಾಸನ ಓದುವಾಗ ‘ಗದ್ದೆ ಕಂ’ ಎಂಬುದನ್ನು ಕಂಡು ಅಲ್ಲಿ ಪದ್ಯ ಎಲ್ಲಿದೆ ಎಂದು ಹುಡುಕಿದ ಗೆಳತಿಯೊಬ್ಬಳಿದ್ದಾಳೆ. (ಅವಳು ಈಗ ಒಳ್ಳೆಯ ಶಾಸನ ವಿದ್ವಾಂಸೆ.) ಕಂದ ಮತ್ತು ಕಂಬ ಒಂದನ್ನೊಂದು ಇರಿಯಲಿಲ್ಲ, ಏಕೆಂದರೆ ಅವೆರಡು ಒಂದೇ ಪುಟದಲ್ಲಿ ಒಂದೇ ಹಣಕ್ಕಾಗಿ ಎದುರಾಗಲಿಲ್ಲ. ಶಾಸನ ಎಂಬ ಪದವೇ ಕಲ್ಲಿನ ಬರಹವೂ ಹೌದು, ಸಭೆ ಮಾಡುವ ಕಾನೂನೂ ಹೌದು.

ಈ ಎರಡನೆಯ ಶಾಸನಗಳ ಕಡೆ ಹೋದರೆ ಸಿಸಿಯ ಸಂಸಾರ ಇನ್ನೂ ದೊಡ್ಡದು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ‘ಸಿ.ಸಿ. ನಂಬರ್’ ಎಂದರೆ ಕ್ರಿಮಿನಲ್ ಪ್ರಕರಣ. ಗ್ರಾಹಕರ ಆಯೋಗದಲ್ಲಿ ಅದೇ ಕನ್ಸ್ಯೂಮರ್ ಕಂಪ್ಲೇಂಟ್. ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್. ತಾಲ್ಲೂಕು ಕಚೇರಿಯಲ್ಲಿ ‘ತೊಂಬತ್ನಾಲ್ಕು ಸಿಸಿ ಅರ್ಜಿ’ ಎನ್ನುತ್ತಾರೆ. ಇದು ನನಗೆ ಬಹಳ ಇಷ್ಟವಾದದ್ದು, ಏಕೆಂದರೆ ಇದು ಸಂಕ್ಷೇಪವೇ ಅಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 94-ಸಿ ಗ್ರಾಮೀಣ ಪ್ರದೇಶದ ಸರ್ಕಾರಿ ಜಾಗದಲ್ಲಿ ಅನಧಿಕೃತವಾಗಿ ಕಟ್ಟಿಕೊಂಡ ಮನೆಗಳ ಸಕ್ರಮಕ್ಕೆ ಸಂಬಂಧಿಸಿದ್ದು. ನಗರ ಪ್ರದೇಶದ ಅಂಥ ಮನೆಗಳಿಗಾಗಿ ಅದರ ಮುಂದೆ ಸೇರಿಸಿದ್ದು 94-ಸಿಸಿ. ಇಲ್ಲಿ ಸಿಸಿ ಯಾವ ಪದದ ಮೊಟಕೂ ಅಲ್ಲ, ಎರಡು ಕಲಮುಗಳ ನಡುವೆ ಜಾಗ ಮಾಡಿಕೊಂಡ ಪ್ರಕ್ಷಿಪ್ತ. ಆದರೆ ಬೆಂಗಳೂರಿನ ಅಂಚಿನ ಎಷ್ಟೋ ಮನೆಗಳಲ್ಲಿ ‘ನಮ್ಮ ಸಿಸಿ ಆಯ್ತಾ?’ ಎಂದು ಕೇಳಿದರೆ ಅದು ಈ ಪ್ರಕ್ಷಿಪ್ತವೇ, ತಲೆಯ ಮೇಲಿನ ಸೂರು ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ.

ಇನ್ನು ನಮ್ಮ ವ್ಯಾಜ್ಯದ ಎರಡು ಸಿಸಿಗಳು. ಕೇಂದ್ರದ ರಿಯಲ್ ಎಸ್ಟೇಟ್ ಕಾಯ್ದೆ, 2016, ಅಂದರೆ ರೇರಾ, ತನ್ನ ಎರಡನೇ ಕಲಮಿನಲ್ಲಿ ಎರಡನ್ನೂ ಬೇರೆಬೇರೆಯಾಗಿ ವ್ಯಾಖ್ಯಾನಿಸುತ್ತದೆ. ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಎಂದರೆ ಮಂಜೂರಾದ ನಕ್ಷೆಯಂತೆ ಕೆಲಸ ಶುರು ಮಾಡಲು ಕೊಡುವ ಅನುಮತಿ. ಕಂಪ್ಲೀಷನ್ ಸರ್ಟಿಫಿಕೇಟ್ ಎಂದರೆ ನಕ್ಷೆಯಂತೆ ಯೋಜನೆ ಮುಗಿದಿದೆ ಎಂಬ ದೃಢೀಕರಣ. ಮೂರನೆಯದಾಗಿ ವಾಸಕ್ಕೆ ಅನುಮತಿ ಕೊಡುವ ಆಕ್ಯುಪೆನ್ಸಿ ಸರ್ಟಿಫಿಕೇಟ್, ಓಸಿ. ಮೂರು ವ್ಯಾಖ್ಯೆಗಳಲ್ಲಿಯೂ ಯಾವ ಹೆಸರಿನಿಂದ ಕರೆದರೂ ಸರಿ ಎಂಬರ್ಥದ ಒಂದು ಪದಗುಚ್ಛವಿದೆ. ಕಾನೂನು ಬರೆದವರಿಗೆ ಹೆಸರುಗಳ ಮೇಲೆ ನಂಬಿಕೆ ಇಲ್ಲ. ಊರಿಗೊಂದು ಹೆಸರಿರುತ್ತದೆ ಎಂದು ಗೊತ್ತು. ಆದರೆ ಹೆಸರು ಮಾತ್ರವಲ್ಲ, ವಸ್ತುವೂ ಊರಿಗೊಂದರಂತೆ ಬದಲಾಗುತ್ತದೆ. ಬೆಂಗಳೂರಿನ ಮಂಜೂರಾದ ನಕ್ಷೆಗಳ ಷರತ್ತು ಓದಿ: ಪಾಯ ಮುಗಿಸಿ, ಅದರ ಮೇಲೆ ಗೋಡೆ ಅಥವಾ ಕಂಬ ಎಬ್ಬಿಸುವ ಮೊದಲು ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಪಡೆಯಬೇಕು ಎಂದಿರುತ್ತದೆ. ದಿಲ್ಲಿಯ ಕಾಯ್ದೆಯಲ್ಲಿ ಅದು ಆರಂಭಕ್ಕೆ ಅನುಮತಿ. ನಮ್ಮಲ್ಲಿ ಆರಂಭ ಆಗಿ, ಅಧಿಕಾರಿ ಬಂದು ಅಳೆದ ಮೇಲೆ ಸಿಗುವ ಆರಂಭ ಪತ್ರ. ನಾಂದಿ ಪದ್ಯ ಎರಡನೇ ಆಶ್ವಾಸದಲ್ಲಿ ಬಂದ ಹಾಗೆ.

ಮುಕ್ತಾಯ ಇನ್ನೂ ಸಡಿಲ. ಜಿಎಸ್‌ಟಿ ಕಾಯ್ದೆ, 2017ರಲ್ಲಿ ಮನೆಯ ಪೂರ್ತಿ ಹಣ ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಅಥವಾ ಮೊದಲ ವಾಸ ಶುರುವಾದ ಮೇಲೆ, ಇವೆರಡರಲ್ಲಿ ಯಾವುದು ಮೊದಲೋ ಆ ನಂತರ ಸಂದಾಯವಾದರೆ ತೆರಿಗೆ ಇಲ್ಲ. ಇಲ್ಲಿ ಸಿಸಿ ಒಂದು ಗಡಿಗೆರೆ; ಅದರ ಈಚೆ ಮನೆ ‘ಸೇವೆ’, ಆಚೆ ‘ಸ್ಥಿರಾಸ್ತಿ’. ರೇರಾದಲ್ಲಿ ಸಿಸಿ ಬಾರದೆ ನಡೆಯುತ್ತಿದ್ದ ಯೋಜನೆಗಳು ನೋಂದಣಿ ಆಗಲೇಬೇಕಿತ್ತು. ಆದರೆ ಕರ್ನಾಟಕದ 2017ರ ನಿಯಮಗಳು ಕೆಲಸ ಮುಗಿದು, ಪತ್ರಕ್ಕೆ ಅರ್ಜಿ ಹಾಕಿದ್ದರೂ ‘ನಡೆಯುತ್ತಿರುವ ಯೋಜನೆ’ಯ ಪಟ್ಟಿಯಿಂದ ಹೊರಗಿಟ್ಟವು. ಅರ್ಜಿ ಹಾಕುವುದೂ ಮುಗಿಯುವುದೂ ಒಂದೇ ಎಂದು ಓದಿದ ಈ ವ್ಯಾಖ್ಯಾನವನ್ನು ನಾನು ಒಪ್ಪಲಾರೆ. ಅರ್ಜಿ ಹಾಕಿದ ಸಂಶೋಧಕಿಗೆ ಪದವಿ ಕೊಡುವುದಿಲ್ಲವಲ್ಲ. ಇನ್ನು 2024ರ ಡಿಸೆಂಬರ್ 17ರಂದು ಮೀರತ್‌ನ ಶಾಸ್ತ್ರಿನಗರದ ಕಟ್ಟಡಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಂಪ್ಲೀಷನ್ ಅಥವಾ ಆಕ್ಯುಪೇಷನ್ ಸರ್ಟಿಫಿಕೇಟ್ ಇದ್ದರಷ್ಟೇ ನೀರು, ವಿದ್ಯುತ್ ಸಂಪರ್ಕ ಕೊಡಿ ಎಂದಿತು. ಎರಡು ಪದಗಳ ನಡುವೆ ಒಂದು ಓರೆಗೆರೆ. ಮರುವರ್ಷ ಬೆಂಗಳೂರಿನಲ್ಲಿ ಕಟ್ಟಿ ಮುಗಿದ ಎಷ್ಟೋ ಮನೆಗಳು ಕರೆಂಟಿಲ್ಲದೆ ನಿಂತವು. ನಮ್ಮ ಬೀದಿಯ ಚಹಾದಂಗಡಿಯಲ್ಲಿಯೂ ಆಗ ಸಿಸಿ, ಓಸಿ ಎಂಬುದೇ ಮಾತು. ಸಿಸಿ ಎಂದರೇನು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ನಮ್ಮದು ಆರೇ ಮನೆಗಳ ಕಟ್ಟಡ. ಎಂಟು ಮನೆಗಳ ಮಿತಿಯೊಳಗಿನದಕ್ಕೆ ರೇರಾ ನೋಂದಣಿ ಬೇಕಿಲ್ಲ. ಎಂದರೆ ಆ ಕಾಯ್ದೆಯ ಅಚ್ಚುಕಟ್ಟಾದ ವ್ಯಾಖ್ಯೆಗಳು ನಮ್ಮ ಎಂಟು ಪುಟಗಳಿಗೆ ತಾವಾಗಿಯೇ ಬಂದು ಅಂಟಿಕೊಳ್ಳುವುದಿಲ್ಲ. ಹಾಗಾದರೆ ಏಳನೇ ಕಲಮನ್ನು ಓದುವುದು ಹೇಗೆ?

ಕಾವ್ಯಮೀಮಾಂಸೆ ಓದಿದವರಿಗೆಲ್ಲ ಸೈಂಧವದ ಉದಾಹರಣೆ ಗೊತ್ತು. ಸೈಂಧವ ಎಂದರೆ ಉಪ್ಪು, ಕುದುರೆಯೂ ಹೌದು. ಊಟಕ್ಕೆ ಕುಳಿತವನು ಸೈಂಧವ ತಾ ಎಂದರೆ ಉಪ್ಪು ತರಬೇಕು, ಪ್ರಯಾಣಕ್ಕೆ ಹೊರಟವನು ಎಂದರೆ ಕುದುರೆ. ಇದು ಪ್ರಕರಣದಿಂದ ಅರ್ಥನಿರ್ಣಯ. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯಲ್ಲಿ ಇದರ ಒಬ್ಬ ದಾಯಾದಿ ಇದ್ದಾನೆ ಎಂದು ಈ ಗಲಾಟೆಯಲ್ಲಿ ಗೊತ್ತಾಯಿತು. ಅದರ 98ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 101ನೆಯದು. ಓದಲಾಗದ ಅಕ್ಷರ, ಪ್ರಾದೇಶಿಕ ಪದ, ಬಳಕೆ ತಪ್ಪಿದ ಪದ, ಸಂಕ್ಷೇಪ, ಇವುಗಳ ಅರ್ಥ ತಿಳಿಸಲು ಹೊರಗಿನ ಸಾಕ್ಷ್ಯ ಕೊಡಬಹುದು ಎನ್ನುತ್ತದೆ. ಅಲ್ಲಿನ ದೃಷ್ಟಾಂತದಲ್ಲಿ ಒಬ್ಬ ಶಿಲ್ಪಿ ತನ್ನ ‘ಮಾಡ್ಸ್’ ಎಲ್ಲವನ್ನೂ ಮಾರಲು ಒಪ್ಪುತ್ತಾನೆ. ಅವನ ಬಳಿ ಮಾಡೆಲ್‌ಗಳೂ ಇವೆ, ಮಾಡೆಲಿಂಗ್ ಉಪಕರಣಗಳೂ ಇವೆ. ಯಾವುದನ್ನು ಮಾರಿದ? ಸಾಕ್ಷ್ಯ ತರಬಹುದು. ನಮ್ಮ ಸೈಂಧವವೇ, ಕೋಟು ಹಾಕಿಕೊಂಡಿದ್ದಾನೆ. ಅದೇ ಕಾಯ್ದೆ, ಒಂದು ಕುದುರೆಯನ್ನು ಸಾವಿರಕ್ಕೋ ಸಾವಿರದೈನೂರಕ್ಕೋ ಮಾರುತ್ತೇನೆ ಎಂದು ಬರೆದಿದ್ದರೆ ಬೆಲೆ ಯಾವುದೆಂದು ತೋರಿಸಲು ಸಾಕ್ಷ್ಯ ಬಿಡುವುದಿಲ್ಲ. ಎದ್ದು ಕಾಣುವ ಗೊಂದಲಕ್ಕೆ ಮದ್ದಿಲ್ಲ, ಮರೆಯಲ್ಲಿರುವುದಕ್ಕೆ ಇದೆ.

ಆದರೆ ಸೈಂಧವದ ಕಥೆಯಲ್ಲಿ ಯಜಮಾನನೂ ಆಳೂ ಒಂದೇ ಮನೆಯಲ್ಲಿದ್ದಾರೆ. ಊಟದ ಎಲೆ ಇಬ್ಬರಿಗೂ ಕಾಣುತ್ತಿದೆ. ಆಳು ಕುದುರೆ ತಂದರೆ ಬೈಗುಳ ತಿನ್ನುತ್ತಾನೆ, ಅಷ್ಟೇ. ಕರಾರಿನಲ್ಲಿ ಇಬ್ಬರ ಪ್ರಕರಣ ಬೇರೆ. ಬಿಲ್ಡರನಿಗೆ ದಿನವೂ ನಗರಪಾಲಿಕೆಯ ಕಚೇರಿ. ಅವನ ಬಾಯಲ್ಲಿ ಸಿಸಿ ಎಂದರೆ ಆರಂಭ ಪತ್ರ, ಮುಗಿದದ್ದು ಓಸಿ. ಅಪ್ಪನಿಗೆ ಪೀಣ್ಯದ ಕಾರ್ಖಾನೆ. ಅಲ್ಲಿ ಗುತ್ತಿಗೆ ಕೆಲಸ ಮುಗಿದ ಮೇಲೆ ಕಂಪ್ಲೀಷನ್ ಸರ್ಟಿಫಿಕೇಟ್ ಇಲ್ಲದೆ ಬಿಲ್ಲು ಪಾಸಾಗುತ್ತಿರಲಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ. ವಿಲಿಯಂ ಎಂಪ್ಸನ್ 1930ರಲ್ಲಿ ಸಂದಿಗ್ಧತೆಯ ಏಳು ಬಗೆಗಳನ್ನು ಬರೆದ ಮೇಲೆ, ನಾವು ವಿಮರ್ಶೆಯವರು ಅರ್ಥ ಎರಡಾದಲ್ಲೆಲ್ಲ ಚಪ್ಪಾಳೆ ತಟ್ಟುವುದನ್ನು ಕಲಿತಿದ್ದೇವೆ. ಶ್ಲೇಷೆಯಲ್ಲಿ ಎರಡು ಅರ್ಥಗಳು ಒಟ್ಟಿಗೆ ನಿಲ್ಲಬಹುದು, ನಿಂತರೆ ಸೊಗಸು. ಹದಿನಾಲ್ಕು ಲಕ್ಷ ಎರಡು ದಿನಾಂಕಗಳಲ್ಲಿ ನಿಲ್ಲುವುದಿಲ್ಲ. ‘ಪಠ್ಯದ ಬಹುಧ್ವನಿ’ ಎಂದು ನಾನು ಹಿಂದೆ ಬರೆದ ಎರಡು ಪ್ರಬಂಧಗಳಲ್ಲಿ, ಆ ಬಹುಧ್ವನಿಗೆ ದುಡ್ಡು ಯಾರು ತೆರುತ್ತಾರೆ ಎಂಬ ಪ್ರಶ್ನೆ ಒಂದು ಸಾಲಿನಲ್ಲಿಯೂ ಇಲ್ಲ.

ಅಪ್ಪನ ದೂರು ಬೇರೆಯೇ. “ಸಿ ಅಂತ ಬರೆದವ್ರೆ. ಕಂಪ್ಲೀಷನ್‌ನಲ್ಲಿ ಸಿ ಎಲ್ಲಿದೆ, ಕಮೆನ್ಸ್‌ಮೆಂಟ್‌ನಲ್ಲಿ ಎಲ್ಲಿದೆ? ಎರಡೂ ಕ ಅಲ್ವೇನಮ್ಮ?” ನಗು ಬಂತು. ಆಮೇಲೆ ಯೋಚಿಸಿದರೆ ಇದು ಒಳ್ಳೆಯ ಭಾಷಾವಿಜ್ಞಾನ. ಕನ್ನಡ ಲಿಪಿಯಲ್ಲಿ ‘ಸಿ.ಸಿ.’ ಎಂದು ಬರೆದಾಗ ನಾವು ಪದವನ್ನಲ್ಲ, ಇಂಗ್ಲಿಷ್ ಅಕ್ಷರದ ಹೆಸರನ್ನು ಮೊಟಕು ಮಾಡಿ ಬರೆಯುತ್ತಿದ್ದೇವೆ. ಮೂಲದ ಸದ್ದು ಅಲ್ಲಿ ಉಳಿದೇ ಇಲ್ಲ. ಕನ್ನಡದ ಸ್ವಂತ ಸಂಕ್ಷೇಪಗಳು ಹಾಗಲ್ಲ: ಕುವೆಂಪು, ತೀ.ನಂ.ಶ್ರೀ., ಕ.ರಾ.ರ.ಸಾ.ನಿ. ಒಂದೊಂದು ಪದದ ಮೊದಲ ಅಕ್ಷರ ಸ್ವರ ಸಮೇತ ಬರುತ್ತದೆ, ಪದದ ಒಂದು ತುಣುಕು ಉಸಿರಾಡುತ್ತಿರುತ್ತದೆ. ಪ್ರಾರಂಭ ಪತ್ರವನ್ನು ‘ಪ್ರಾ.ಪ.’ ಎಂದೂ, ಪೂರ್ಣತಾ ಪತ್ರವನ್ನು ‘ಪೂ.ಪ.’ ಎಂದೂ, ದೃಢೀಕೃತ ನಕಲನ್ನು ‘ದೃ.ನ.’ ಎಂದೂ ಬರೆದಿದ್ದರೆ ಏಳನೇ ಕಲಮಿನಲ್ಲಿ ಜಗಳಕ್ಕೆ ಜಾಗವಿರಲಿಲ್ಲ. ಇದರಿಂದ ಕನ್ನಡ ದೊಡ್ಡದು, ಇಂಗ್ಲಿಷ್ ಚಿಕ್ಕದು ಎಂದೇನೂ ಹೇಳುತ್ತಿಲ್ಲ. ಕಂದ, ಕಂಬ, ಕಂಪನಿಗಳ ಕಥೆ ಮೇಲೆಯೇ ಇದೆ. ಆದರೂ ಕನ್ನಡದಲ್ಲಿ ಬರೆಸಿದ ಕರಾರಿನಲ್ಲಿ ಹಣ ಕೊಡುವ ದಿನವನ್ನು ನಿರ್ಧರಿಸುವ ಆ ಎರಡು ಅಕ್ಷರ ಮಾತ್ರ ಕನ್ನಡವಾಗಿರಲಿಲ್ಲ.

ಮಾತುಕತೆಗೆ ಪಾಯದ ಪಕ್ಕದಲ್ಲೇ ಸೇರಿದೆವು. ದಸ್ತಾವೇಜು ಬರೆದವರೂ ಬಂದಿದ್ದರು. ಅವರು ಮೊದಲೇ ಕೈ ತೊಳೆದುಕೊಂಡರು: “ನಮ್ಮಲ್ಲಿ ಸಿಸಿ ಅಂದ್ರೆ ಸರ್ಟಿಫೈಡ್ ಕಾಪಿ ಸಾರ್, ಬೇರೆ ನಂಗೊತ್ತಿಲ್ಲ.” ಕಬ್ಬಿಣ ಕಟ್ಟುತ್ತಿದ್ದ ಮೇಸ್ತ್ರಿ ತನಗೆ ಯಾರೂ ಕೇಳದಿದ್ದರೂ, “ಕಾಂಕ್ರೀಟಲ್ವಾ?” ಎಂದ. ನಾನು ಹಣದ ಪಟ್ಟಿಯನ್ನು ತೆಗೆದು ತೋರಿಸಿದೆ. ಅದರಲ್ಲಿ ಮುಂಗಡ, ಆಮೇಲೆ ಪಾಯ, ಆಮೇಲೆ ಮೊದಲ ಮೋಲ್ಡು, ಎರಡನೆಯ ಮೋಲ್ಡು, ಪ್ಲಾಸ್ಟರಿಂಗು, ಕೊನೆಗೆ ‘ಸಿ.ಸಿ.’ ಎಂದಿತ್ತು. ಪಾಯದ ಜೊತೆಗೆ ಬರುವ ಪತ್ರ ಪ್ಲಾಸ್ಟರಿಂಗ್ ಆದ ಮೇಲಿನ ಸಾಲಿನಲ್ಲಿ ಏಕೆ ಕುಳಿತಿದೆ ಎಂದು ಕೇಳಿದೆ. ಪೂರ್ವಾಪರ ಸಂಬಂಧ ನೋಡುವುದು ಗ್ರಂಥಸಂಪಾದನೆಯ ಮೊದಲ ಪಾಠ. ಬರೆಸಿದವನ ಕಡೆಯಿಂದ ಗೊಂದಲ ಬಂದಿದ್ದರೆ ಅರ್ಥವನ್ನು ಅವನ ವಿರುದ್ಧ ಓದಬೇಕು ಎಂಬ ಒಂದು ತತ್ತ್ವವೂ ನ್ಯಾಯಾಲಯಗಳಲ್ಲಿದೆ ಎಂದು ಸೇರಿಸಿದೆ. ಆ ಎರಡನೆಯ ಮಾತಿಗಿಂತ ಮೊದಲನೆಯದು ಅವನಿಗೆ ತಾಗಿತು ಅನಿಸುತ್ತದೆ. ಪಟ್ಟಿಯನ್ನು ಎರಡು ಸಲ ಓದಿದ. “ಮೇಡಂ ಹೇಳೋದು ಸರಿನೇ. ಆದ್ರೆ ನಂಗೆ ಕಬ್ಬಿಣದವರಿಗೆ ಕೊಡಕ್ಕೆ ದುಡ್ಡಿಲ್ಲ ಸಾರ್,” ಎಂದ. ಅವನ ಏಳನೇ ಕಲಮಿನ ನಿಜವಾದ ವ್ಯಾಖ್ಯಾನ ಅದಾಗಿತ್ತು.

ಅಪ್ಪ ಎಫ್‌ಡಿ ಮುರಿದು ನಾಲ್ಕು ಲಕ್ಷ ಕೊಟ್ಟರು. ಬಡ್ಡಿಯಲ್ಲಿ ಒಂದಿಷ್ಟು ಹೋಯಿತು. ಉಳಿದ ಹತ್ತು ಲಕ್ಷ ಮನೆ ಮುಗಿದು ಓಸಿಯೂ ಬಂದ ಮೇಲೆ ಎಂದು ಪೂರಕ ಕರಾರು ಮಾಡಿಕೊಂಡೆವು. ಅದರ ಕರಡು ಬರೆಯುವ ಕೆಲಸ ನನಗೆ ಬಂತು. ಮೊದಲ ಪುಟದಲ್ಲೇ ವ್ಯಾಖ್ಯೆಗಳು ಎಂದು ಶೀರ್ಷಿಕೆ ಹಾಕಿ, ಪೂರ್ಣತಾ ಪ್ರಮಾಣಪತ್ರ ಎಂದರೆ ಯಾರು ಕೊಡುವುದು, ಯಾವ ಹಂತದಲ್ಲಿ, ಯಾವ ಹೆಸರಿನಿಂದ ಕರೆದರೂ ಸರಿ ಎಂದೆಲ್ಲ ಬರೆದೆ. ‘ಯಾವ ಹೆಸರಿನಿಂದ ಕರೆದರೂ’ ಎಂಬುದನ್ನು ಬರೆಯುವಾಗ ಕೈ ಒಂದು ಕ್ಷಣ ನಿಂತಿತು, ಆದರೂ ಬರೆದೆ. ಜೆರಾಕ್ಸ್ ಅಂಗಡಿಯ ಲಿಪಿಕಾರ ಟೈಪ್ ಮಾಡಿ ಪ್ರಿಂಟ್ ಕೊಟ್ಟ. ಮನೆಗೆ ತಂದು ನೋಡಿದರೆ ಎಲ್ಲ ಸರಿಯಾಗಿತ್ತು. ಕೊನೆಯ ಪುಟದ ಕೆಳಗೆ ಮಾತ್ರ, ಪ್ರತಿಗಳು ಯಾರಿಗೆ ಎಂಬಲ್ಲಿ, ಅವನೇ ಒಂದು ಸಾಲು ಸೇರಿಸಿದ್ದ: ‘ಸಿ.ಸಿ.: ಉಭಯ ಪಕ್ಷದವರಿಗೆ’. ಅಪ್ಪ ಪೆನ್ನು ತೆಗೆದುಕೊಂಡು ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿದರು.